ಸೂಜಿ ಹಿಡಿಯಲು ಬಂದರೆ ಸಾಕಾ?

ಸಿಂಧನೂರಿನಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: "ನಾನು ನರ್ಸಿಂಗ್ ಮೂರನೇ ವರ್ಷ. ಮುಂದಿನ ತಿಂಗಳು ಅಕ್ಕನ ಮದುವೆ. ನನ್ನ ತುಟಿ ತೀರಾ ತೆಳ್ಳಗೆ. ಫೋನಿನಲ್ಲೇ ಆರ್ಡರ್ ಮಾಡಿ ತುಟಿ ದಪ್ಪ ಮಾಡುವ ಲಿಪ್ ಫಿಲ್ಲರ್ ತರಿಸಿದ್ದೇನೆ. ಜೊತೆಗೆ ಸೂಜಿ ಇಲ್ಲದ ಪೆನ್ ಫ್ರೀ ಬಂದಿದೆ. ಕ್ಲಿನಿಕ್‌ನವರು ಕೇಳುವ ದುಡ್ಡಿನ ಕಾಲು ಭಾಗವೂ ಖರ್ಚಾಗಿಲ್ಲ. ದಿನಾ ವಾರ್ಡಿನಲ್ಲಿ ಇಂಜೆಕ್ಷನ್ ಕೊಡುವವಳು ನಾನು. ನನಗೆ ನಾನೇ ಕೊಟ್ಟುಕೊಂಡರೆ ಏನು ತಪ್ಪು? ಇದ್ದದ್ದರಲ್ಲೇ ಖುಷಿಯಾಗಿರು ಅಂತ ಮಾತ್ರ ಬುದ್ಧಿ ಹೇಳಬೇಡಿ."

ಬುದ್ಧಿ ಹೇಳುವುದಿಲ್ಲ, ತಂಗಿ. ತುಟಿ ನಿಮ್ಮದು. ಮದುವೆ ಸಂಚಿಕೆಯಲ್ಲಿ ಪುಟಗಟ್ಟಲೆ ಮೇಕಪ್ ಲೇಖನ ಹಾಕುವ ನಮಗೆ ಆ ಹಕ್ಕೂ ಇಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ನೇರ ಉತ್ತರ ಇದೆ. ನಿಮಗೆ ಸೂಜಿ ಚುಚ್ಚಲು ಬರುತ್ತೆ, ನಿಜ. ತೊಂದರೆ ಇರುವುದು ಚುಚ್ಚಿದ ಮೇಲಿನ ಒಂದು ಗಂಟೆಯಲ್ಲಿ.

ವಾರ್ಡಿನಲ್ಲಿ ನೀವು ತೋಳಿಗೆ, ಸೊಂಟಕ್ಕೆ ಕೊಡುತ್ತೀರಿ. ದಪ್ಪ ಮಾಂಸ, ನೀರಿನಂಥ ಔಷಧಿ. ಒಂದಿಷ್ಟು ಹೊತ್ತಿಗೆ ಕರಗಿ ಹೋಗುತ್ತೆ. ಫಿಲ್ಲರ್ ಹಾಗಲ್ಲ. ಅದು ಹೈಅಲುರೋನಿಕ್ ಆ್ಯಸಿಡ್‌ನ ಗಟ್ಟಿ ಜೆಲ್. ತಿಂಗಳುಗಟ್ಟಲೆ ಅಲ್ಲೇ ಕೂರಲಿ ಅಂತಲೇ ಮಾಡಿದ್ದು. ತುಟಿಯೊಳಗೆ ದಾರದಂಥ ರಕ್ತನಾಳ ಓಡುತ್ತೆ. ಒಬ್ಬರಲ್ಲಿ ಮೇಲೆ, ಇನ್ನೊಬ್ಬರಲ್ಲಿ ಆಳದಲ್ಲಿ. ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತಾ ಅಂತ ನೋಡುವುದನ್ನು ನಿಮಗೆ ಕಲಿಸಿರುತ್ತಾರೆ. ಸಣ್ಣ ಸೂಜಿಯಲ್ಲಿ ದಪ್ಪ ಜೆಲ್ ಇದ್ದಾಗ ಆ ಪರೀಕ್ಷೆಯನ್ನು ನಂಬುವಂತಿಲ್ಲ. ಸೂಜಿ ನಾಳದೊಳಗೇ ಇದ್ದರೂ ರಕ್ತ ಕಾಣದೆ ಇರಬಹುದು.

ನಿಮಗೆ ಎಡದಂಡೆ ಕಾಲುವೆ ಗೊತ್ತಲ್ವಾ? ತುಂಗಭದ್ರೆಯ ನೀರು ಮುನಿರಾಬಾದಿನಿಂದ ನಿಮ್ಮೂರಿನ ಭತ್ತಕ್ಕೆ ಬರುವುದೇ ಅದರಲ್ಲಿ. ನಡುವೆ ಎಲ್ಲೋ ಹೂಳು ತುಂಬಿದರೆ ಒಣಗುವುದು ಕೊನೆ ಭಾಗದ ಹೊಲ. ನಾಳದೊಳಗೆ ಜೆಲ್ ಹೋದರೂ ಅಷ್ಟೇ. ಮುಂದಿನ ಚರ್ಮಕ್ಕೆ ರಕ್ತ ನಿಲ್ಲುತ್ತೆ, ಚರ್ಮ ಕಪ್ಪಾಗಿ ಕೊಳೆಯುತ್ತೆ, ಕಲೆ ಉಳಿಯುತ್ತೆ. ಒಂದೇ ವ್ಯತ್ಯಾಸ, ಕಾಲುವೆ ನೀರು ಮೇಲಕ್ಕೆ ಹತ್ತುವುದಿಲ್ಲ, ಜೆಲ್ ಹತ್ತುತ್ತೆ. ತುಟಿಯ ನಾಳ, ಮೂಗಿನ ಪಕ್ಕದಲ್ಲಿ ಮೇಲೇರುವ ನಾಳ, ಕಣ್ಣಿನ ನಾಳ ಮೂರಕ್ಕೂ ಸಂಬಂಧ ಇದೆ. ಜೋರಾಗಿ ಒತ್ತಿದರೆ ಜೆಲ್ ಹಿಮ್ಮುಖವಾಗಿ ಹೋಗಿ ಕಣ್ಣಿನ ದಾರಿ ಮುಚ್ಚಬಹುದು. ಇದು ಅಪರೂಪ. ಮೂಗಿಗೆ, ಇಲ್ಲವೇ ಎರಡು ಹುಬ್ಬುಗಳ ನಡುವೆ ಚುಚ್ಚಿದಾಗ ಅಪಾಯ ಜಾಸ್ತಿ. ಆದರೆ ಹಾಗೆ ಹೋದ ದೃಷ್ಟಿ ವಾಪಸ್ ಬರುವುದು ಇನ್ನೂ ಅಪರೂಪ. ಕಣ್ಣಿನ ಪರದೆ ರಕ್ತ ಇಲ್ಲದೆ ಒಂದು, ಒಂದೂವರೆ ಗಂಟೆಗಿಂತ ಹೆಚ್ಚು ತಡೆಯುವುದಿಲ್ಲ. ಸಿಂಧನೂರಿನಿಂದ ರಾಯಚೂರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಅಂತ ನಿಮಗೇ ಗೊತ್ತು.

ಕ್ಲಿನಿಕ್‌ನವರು ಕೇಳುವ ದುಡ್ಡಿನಲ್ಲಿ ಈ ಅಪಾಯಕ್ಕೆ ತಯಾರಾಗಿರುವ ಖರ್ಚೂ ಸೇರಿರಬೇಕು. ಆ ಜೆಲ್ ಕರಗಿಸುವ ಹೈಅಲುರೊನಿಡೇಸ್ ಎಂಬ ಔಷಧಿ ಅವರ ಕೈಯಳತೆಯಲ್ಲಿ ಇರಬೇಕು. ಅದನ್ನು ಎಲ್ಲಿಗೆ, ಎಷ್ಟು ಹಾಕಬೇಕು ಅಂತ ಗೊತ್ತಿರಬೇಕು. ಅದು ಇಲ್ಲದ ಕಡೆ ಎಂಥ ದೊಡ್ಡ ಬೋರ್ಡ್ ಇದ್ದರೂ ಎದ್ದು ಬನ್ನಿ.

ಇನ್ನು ಆ ಫ್ರೀ ಪೆನ್. ಸೂಜಿ ಇಲ್ಲ ಅಂದ ಮಾತ್ರಕ್ಕೆ ಸಾಧು ಅಂದುಕೊಳ್ಳಬೇಡಿ. ಅದು ಒತ್ತಡದಿಂದ ಜೆಲ್ ಅನ್ನು ಚರ್ಮದೊಳಗೆ ಹೊಡೆಯುತ್ತೆ. ಎಷ್ಟು ಆಳಕ್ಕೆ ಹೋಯಿತು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರ್‌ನಲ್ಲೇ ಇಂಥ ಪೆನ್ ಬಳಸಬೇಡಿ ಎಂದು ಎಚ್ಚರಿಸಿದೆ. ಕೆಲವರು ಮುಖಕ್ಕೆ ಹಚ್ಚುವ ಸೀರಮ್ಮನ್ನೇ ಅದರಲ್ಲಿ ತುಂಬುತ್ತಾರೆ. ಎರಡರ ಹೆಸರೂ ಹೈಅಲುರೋನಿಕ್, ಅದಕ್ಕೇ ಈ ಎಡವಟ್ಟು.

ಪಾರ್ಸೆಲ್‌ನ ಫೋಟೋ ಕಳಿಸಿದ್ದೀರಿ, ಒಳ್ಳೆಯದಾಯಿತು. ಡಬ್ಬದ ಮೇಲೆ ಕೊರಿಯನ್ ಅಕ್ಷರ ಬಿಟ್ಟರೆ ಏನೂ ಇಲ್ಲ. ಭಾರತಕ್ಕೆ ಕಾನೂನಿನ ಪ್ರಕಾರ ಬಂದ ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಇರಲೇಬೇಕು. ಒಳಗೆ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಜೆಲ್ ಬದಲು ಸಿಲಿಕೋನ್ ಇದ್ದರೆ ಅದನ್ನು ಕರಗಿಸುವ ಔಷಧಿಯೇ ಇಲ್ಲ. ಅಸಲಿ ಮಾಲೇ ಅಂದುಕೊಳ್ಳೋಣ. ಸಾಮಾನ್ಯವಾಗಿ ಫಿಲ್ಲರ್‌ಗಳನ್ನು 25 ಡಿಗ್ರಿ ಒಳಗೆ ಇಡಿ ಎಂದು ಬರೆದಿರುತ್ತಾರೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕೊರಿಯರ್ ಗಾಡಿಯೊಳಗೆ 25 ಡಿಗ್ರಿ! ಹಪ್ಪಳ ಒಣಗಿಸಬಹುದು ಅದರಲ್ಲಿ.

ಹಣೆಯ ಸುಕ್ಕು ಮರೆಸುವ ಬೊಟಾಕ್ಸ್ ಇಂಜೆಕ್ಷನ್ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ಅದಕ್ಕೆ 2ರಿಂದ 8 ಡಿಗ್ರಿ ಬೇಕು. ಅದು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನೇ ತಡೆಯುವ ವಿಷ, ಅಳತೆ ತಪ್ಪಿದರೆ ಉಸಿರಾಟಕ್ಕೇ ಕುತ್ತು. 2024ರಲ್ಲಿ ಅಮೆರಿಕದಲ್ಲಿ ಮನೆಯಲ್ಲೋ ಸ್ಪಾದಲ್ಲೋ, ಇಲ್ಲವೇ ತರಬೇತಿ ಇಲ್ಲದವರಿಂದಲೋ ಇಂಥ ಇಂಜೆಕ್ಷನ್ ತಗೊಂಡ 22 ಮಹಿಳೆಯರಿಗೆ ತೊಂದರೆಯಾಯಿತು. 11 ಮಂದಿ ಆಸ್ಪತ್ರೆ ಸೇರಿದರು. ಕೆಲವರಿಗೆ ಕೊಟ್ಟದ್ದು ನಕಲಿ ಮಾಲು.

ನಿಮ್ಮ ಗೆಳತಿ ಬೆಳ್ಳಗಾಗಲು ತಗೊಳ್ಳುವ ಗ್ಲುಟಾಥಯೋನ್ ಡ್ರಿಪ್ ಬಗ್ಗೆಯೂ ಕೇಳಿದ್ದೀರಿ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇವೆ. ಸದ್ಯಕ್ಕೆ ಇಷ್ಟೇ: ನಮ್ಮ ದೇಶದಲ್ಲಿ ಬಣ್ಣ ಬದಲಿಸಲು ಅದಕ್ಕೆ ಅನುಮತಿ ಇಲ್ಲ.

ಒಂದು ಚಿಂತೆ ಇದೆ. ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ನೀವು ಮಾಡಿಕೊಂಡೇ ಬಿಟ್ಟಿದ್ದರೆ? ಹಾಗಿದ್ದರೆ ಕನ್ನಡಿ ಮುಂದೆ ನಿಲ್ಲಿ. ತುಟಿ ಅಥವಾ ಸುತ್ತಲ ಚರ್ಮ ಬೆಳ್ಳಗಾಗಿದೆಯಾ? ಬಲೆಯಂಥ ನೀಲಿ ಗೆರೆ ಇದೆಯಾ? ನೋವು ಏರುತ್ತಲೇ ಇದೆಯಾ? ಬೆರಳಲ್ಲಿ ಒತ್ತಿ ಬಿಟ್ಟಾಗ ಬಣ್ಣ ಬೇಗ ವಾಪಸ್ ಬರುತ್ತಿಲ್ಲವಾ? ಇದು ನಿಮಗೆ ವಾರ್ಡಿನಲ್ಲೇ ಕಲಿಸಿದ ಪರೀಕ್ಷೆ. ಇದರಲ್ಲಿ ಒಂದಿದ್ದರೂ, ಕಣ್ಣು ಸ್ವಲ್ಪ ಮಂಜಾದರೂ, ಐಸ್ ಇಟ್ಟು ಕೂರಬೇಡಿ. 108ಕ್ಕೆ ಫೋನ್ ಮಾಡಿ, ಡಬ್ಬ ಜೊತೆಗೆ ತಗೊಂಡು ರಾಯಚೂರಿನ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೊರಡಿ. ಏನು ಚುಚ್ಚಿಕೊಂಡಿರಿ ಅಂತ ಸುಳ್ಳು ಹೇಳಬೇಡಿ. ಬೈಸಿಕೊಳ್ಳಿ, ಪರವಾಗಿಲ್ಲ. ವಾರಗಳಾದ ಮೇಲೆ ಗಂಟು ಎದ್ದು ಕೀವು ಸುರಿದರೂ ಇದನ್ನೇ ಹೇಳಬೇಕು. ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗದ ಸೋಂಕುಗಳೂ ಇವೆ.

ಇನ್ನೂ ತೆರೆದಿಲ್ಲ ಅಂದರೆ, ಆ ಡಬ್ಬವನ್ನು ಗೆಳತಿಗೆ ಮಾರಬೇಡಿ. ಸೂಜಿಗಳನ್ನು ಮನೆಯ ಕಸದಲ್ಲೂ ಹಾಕಬೇಡಿ, ಬೆಳಿಗ್ಗೆ ಗಾಡಿಯವರ ಕೈಗೆ ಚುಚ್ಚುತ್ತೆ. ನಿಮ್ಮ ವಾರ್ಡಿನಲ್ಲಿ ಸೂಜಿ ಹಾಕುವ ಬಿಳಿ ಡಬ್ಬ ಇರುತ್ತಲ್ಲ, ಅದರೊಳಗೆ ಹಾಕಿ.

— ಸಂ.