ಕೂಡಿಡಲಾಗದ ಸಂದೇಶ

ನಮಸ್ಕಾರ,

‘ಮಿದುಳಿನ ಅನಿಲ ದೂತರು’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಇಷ್ಟು ಒಳ್ಳೆಯ ವಿಷಯವನ್ನು ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಪ್ಯಾರಾದಲ್ಲೇ ಎಡವಿದ್ದೀರಿ. ಹಲ್ಲಿನ ಡಾಕ್ಟರು ಕೊಡುವ ನಗೆ ಅನಿಲವೇ ನರಕೋಶದ ಸಂದೇಶವಾಹಕ ಎಂದು ಬರೆದಿದ್ದೀರಿ. ನಗೆ ಅನಿಲ ನೈಟ್ರಸ್ ಆಕ್ಸೈಡ್: ಎರಡು ನೈಟ್ರೋಜನ್, ಒಂದು ಆಕ್ಸಿಜನ್. ನರಕೋಶ ತಯಾರಿಸುವುದು ನೈಟ್ರಿಕ್ ಆಕ್ಸೈಡ್: ಒಂದು ನೈಟ್ರೋಜನ್, ಒಂದು ಆಕ್ಸಿಜನ್. ಇವೆರಡು ಬೇರೆ ಬೇರೆ ವಸ್ತುಗಳು.

ನೈಟ್ರಿಕ್ ಆಕ್ಸೈಡ್ ‘ನರತುದಿಯ ಚೀಲಗಳಿಂದ ಬಿಡುಗಡೆಯಾಗುತ್ತದೆ’ ಎಂಬ ವಾಕ್ಯ ಇನ್ನೂ ದೊಡ್ಡ ತಪ್ಪು. ಅಸಿಟೈಲ್‌ಕೋಲಿನ್‌ನಂಥ ಸಂದೇಶವಾಹಕ ಹಾಗೆ ಬರುತ್ತದೆ. ಈ ಅನಿಲವೋ ಕೋಶಪೊರೆಯನ್ನೇ ದಾಟಿ ಹೋಗುವಂಥದ್ದು, ಚೀಲದಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಬೇಕಾದಾಗಲೇ ತಯಾರಾಗಬೇಕು. ನಿಮ್ಮ ಲೇಖನದ ಜೀವ ಇಲ್ಲಿದೆ, ಇದನ್ನು ಹಂತ ಹಂತವಾಗಿ ತೋರಿಸಿ. ಗ್ಲುಟಮೇಟ್ ಎಂಬ ಸಂದೇಶವಾಹಕ ಬಂದು, ಕೋಶಪೊರೆಯಲ್ಲಿರುವ ಎನ್‌ಎಂಡಿಎ ಎಂಬ ಗ್ರಾಹಕ ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದು ಕ್ಯಾಲ್ಮೊಡುಲಿನ್ ಎಂಬ ಪ್ರೋಟೀನಿನ ಜೊತೆ ಸೇರಿದಾಗ ಅನಿಲ ತಯಾರಿಸುವ ಕಿಣ್ವ ಎಚ್ಚೆತ್ತು, ಆರ್ಜಿನೀನ್ ಎಂಬ ಅಮೈನೋ ಆಮ್ಲವನ್ನು ಸಿಟ್ರುಲಿನ್ ಮಾಡುತ್ತಾ ಅನಿಲವನ್ನು ಹೊರಬಿಡುತ್ತದೆ. ಪಕ್ಕದ ಕೋಶದಲ್ಲಿ ಅದು ಹಿಡಿಯುವುದು ಗ್ವಾನಿಲಿಲ್ ಸೈಕ್ಲೇಸ್ ಕಿಣ್ವದೊಳಗಿನ ಹೀಮ್ ಕಬ್ಬಿಣವನ್ನು. ಆಗ ಕೋಶದೊಳಗೆ ಸಂದೇಶ ಸಾರುವ ಸಿಜಿಎಂಪಿ ಎಂಬ ಅಣು ಹೆಚ್ಚುತ್ತದೆ. ಈ ಅನಿಲಕ್ಕೆ ಕೋಶದ ಹೊರಮೈಯಲ್ಲಿ ಗ್ರಾಹಕವೇ ಬೇಡ. ಆಯುಷ್ಯ ಕೆಲವೇ ಸೆಕೆಂಡು.

ಅಂಚೆಯಣ್ಣನ ಹೋಲಿಕೆ ತೆಗೆಯಿರಿ. ಅವನ ಕೈಯಲ್ಲಿ ವಿಳಾಸವಿರುತ್ತದೆ. ಇದು ಒಗ್ಗರಣೆಯ ಘಾಟಿನಂತೆ ಅಕ್ಕಪಕ್ಕದ ಮನೆಗಳಿಗೆಲ್ಲ ಹಬ್ಬುತ್ತದೆ, ಸಂದೇಶ ಪಡೆದ ಕೋಶದಿಂದ ಕಳಿಸಿದ ಕೋಶಕ್ಕೆ ಹಿಮ್ಮುಖವಾಗಿಯೂ ಹೋಗಬಲ್ಲದು.

ಬೀಟ್‌ರೂಟ್ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬ ಪ್ಯಾರಾ ಪೂರ್ತಿ ಹೊಡೆದುಹಾಕಿ. ಆ ಜಾಗದಲ್ಲಿ ಅನ್ನನಾಳದ ಕೆಳತುದಿಯನ್ನು ತನ್ನಿ. ತುತ್ತು ನುಂಗಿದಾಗ ಅಲ್ಲಿನ ನರಗಳು ಇದೇ ಅನಿಲ ಬಿಟ್ಟು ಬಿಗಿಸ್ನಾಯುವನ್ನು ಸಡಿಲಿಸುತ್ತವೆ. ಆ ನರಗಳು ನಶಿಸಿದರೆ ಬಾಗಿಲು ತೆರೆಯದೆ ತುತ್ತು ಎದೆಯಲ್ಲೇ ನಿಲ್ಲುತ್ತದೆ, ಅದೇ ಅಕಲೇಸಿಯಾ. ಓದುಗರಿಗೆ ಇದು ಥಟ್ಟನೆ ತಾಗುತ್ತದೆ.

1998ರ ನೊಬೆಲ್ ಮಿದುಳಿನ ಕೆಲಸಕ್ಕಲ್ಲ, ಹೃದಯ-ರಕ್ತನಾಳಗಳಲ್ಲಿ ಇದರ ಪಾತ್ರ ತೋರಿಸಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ. ಮಿದುಳಿನ ಮಾತಿಗೆ 1988ರಲ್ಲಿ ಗಾರ್ತ್‌ವೇಟ್ ತಂಡ ಇಲಿಯ ಕಿರುಮಿದುಳಿನ ಕೋಶಗಳಲ್ಲಿ ಮಾಡಿದ ಪ್ರಯೋಗ ಹೇಳಿ.

ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್‌ಗಳಿಗೆ ಎರಡೆರಡು ವಾಕ್ಯ ಸಾಕು. ನೈಟ್ರಿಕ್ ಆಕ್ಸೈಡ್‌ನಷ್ಟು ಗಟ್ಟಿ ಪುರಾವೆ ಅವಕ್ಕಿಲ್ಲ, ಹಾಗೆಂದೇ ಬರೆಯಿರಿ. 1,200 ಪದಗಳೊಳಗೆ ಮುಗಿಸಿ ಕಳಿಸಿ, ಓದಲು ಕಾದಿರುತ್ತೇನೆ.

ಸಂಪಾದಕ