ಕೌಸ್‌ನಲ್ಲಿ ಒಂದು ದಿನ

ಪ್ರಶ್ನೆ: ಆಗಸ್ಟ್‌ನಲ್ಲಿ ಸೌತಾಂಪ್ಟನ್‌ನ ಮಗಳ ಮನೆಗೆ ಹೋಗುತ್ತಿದ್ದೇವೆ. ಹಾಯಿದೋಣಿ ವಿಹಾರಕ್ಕೆ ಹೆಸರಾದ ಕೌಸ್ ಪಟ್ಟಣವನ್ನು ಒಂದೇ ದಿನದಲ್ಲಿ ನೋಡಬಹುದೇ?

ಉತ್ತರ: ಖಂಡಿತ ನೋಡಬಹುದು. ವೇಗದ ದೋಣಿಯಲ್ಲಿ ಸುಮಾರು ಅರ್ಧ ಗಂಟೆಗೆ ವೈಟ್ ದ್ವೀಪದ ಈ ಪಟ್ಟಣವನ್ನು ತಲುಪುತ್ತೀರಿ. 1826ರಲ್ಲಿ ಆರಂಭವಾದ ಹಾಯಿದೋಣಿ ಸ್ಪರ್ಧೆ ನಡೆಯುವ ವಾರದಲ್ಲಿ ಜನಜಂಗುಳಿ ಹೆಚ್ಚು. ಆದರೂ ಎಂಟನೇ ಹೆನ್ರಿ ಕಟ್ಟಿಸಿದ ಕೋಟೆಯ ಮುಂದೆ ಸಾಲಾಗಿ ನಿಂತ ಹಿತ್ತಾಳೆಯ ಪುಟ್ಟ ಫಿರಂಗಿಗಳು ಗುಡುಗಿ ಸ್ಪರ್ಧೆಗೆ ಸೂಚನೆ ಕೊಡುವುದನ್ನು ದಡದಲ್ಲೇ ನಿಂತು ಕೇಳಬಹುದು. ಮಧ್ಯಾಹ್ನ, ಸರಪಳಿ ಹಿಡಿದು ಸಾಗುವ ದೋಣಿಯಲ್ಲಿ ಮೆಡಿನಾ ನದಿ ದಾಟಿ, ವಿಕ್ಟೋರಿಯಾ ರಾಣಿ 1901ರಲ್ಲಿ ಕೊನೆಯುಸಿರೆಳೆದ ಆಸ್ಬೋರ್ನ್ ಹೌಸ್‌ಗೆ ಹೋಗಿ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ 1852ರಲ್ಲಿ ರಾಣಿಯೇ ಧರ್ಮಮಾತೆಯಾಗಿದ್ದಳು. ಬಣ್ಣ ಹಚ್ಚಿದ ಅಮೃತಶಿಲೆಯಲ್ಲಿ ಮೂಡಿರುವ ಆ ಹುಡುಗಿಯ ಎದೆಪ್ರತಿಮೆ ಎಲ್ಲಿದೆಯೆಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ, ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.