ಹತ್ತನೆಯ ಸಲ ಕೈಕೊಟ್ಟ ಹೆಪ್ಪು

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ಪೊಟ್ಟಣದಲ್ಲಿ ಬರುವ ಹೆಪ್ಪು ತರಿಸಿ ಚೀಸ್ ಮಾಡುತ್ತಿದ್ದೇನೆ. ಖರ್ಚು ಉಳಿಸಲು ಪ್ರತಿ ಸಲದ ಹಾಲೊಡಕನ್ನು ತೆಗೆದಿಟ್ಟು ಮುಂದಿನ ಸಲಕ್ಕೆ ಹೆಪ್ಪಾಗಿ ಹಾಕುತ್ತಾ ಬಂದೆ. ಹತ್ತನೆಯ ಸಲದ ಹೊತ್ತಿಗೆ ಹಾಲು ಹುಳಿಯಾಗುವುದೇ ನಿಂತಿತು. ಅದೇ ಹಾಲಿಗೆ ಮನೆಯ ಮೊಸರು ಹಾಕಿದರೆ ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಹೀಗೇಕೆ? ಮೊಸರಿನಿಂದಲೇ ಚೀಸ್ ಮಾಡಬಹುದೇ?

ಉತ್ತರ: ಕೆಚ್ಚಲು ಬಾವಿಗೆ ಕೊಟ್ಟ ಆಂಟಿಬಯಾಟಿಕ್ ಹಾಲಿನಲ್ಲಿ ಉಳಿದಿದ್ದರೂ ಹೆಪ್ಪು ಕೆಲಸ ಮಾಡುವುದಿಲ್ಲ. ಆದರೆ ಅದೇ ಹಾಲು ಮೊಸರಾಗುತ್ತಿರುವುದರಿಂದ ಆ ಅನುಮಾನವನ್ನು ಸದ್ಯಕ್ಕೆ ಬದಿಗಿಡಬಹುದು. ನನಗೆ ಸಂಶಯವಿರುವುದು ನೀವು ಜೋಪಾನ ಮಾಡಿದ ಹಾಲೊಡಕಿನ ಮೇಲೆಯೇ.

ಬ್ಯಾಕ್ಟೀರಿಯಾಗಳೊಳಗೆ ಹೊಕ್ಕು ಅವುಗಳನ್ನು ಒಡೆದುಹಾಕುವ ಫೇಜ್ ಎಂಬ ವೈರಸ್‌ಗಳು ಹಸಿ ಹಾಲಿನಲ್ಲಿ ಸಾಮಾನ್ಯ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿದರೂ ಅವೆಲ್ಲವೂ ನಾಶವಾಗುವುದಿಲ್ಲ. ಒಂದು ಫೇಜ್ ಎಲ್ಲ ಬ್ಯಾಕ್ಟೀರಿಯಾಗಳ ಮೇಲೂ ಎರಗುವುದಿಲ್ಲ, ತನಗೆ ಒಗ್ಗುವ ಕೆಲವೇ ತಳಿಗಳನ್ನು ಹಿಡಿಯುತ್ತದೆ. ನಿಮ್ಮ ಪೊಟ್ಟಣದಲ್ಲಿ ಬಹುಶಃ ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ಲ್ಯಾಕ್ಟೊಕಾಕಸ್‌ನ ಆಯ್ದ ಕೆಲವೇ ತಳಿಗಳಿದ್ದವು. ಅವುಗಳಿಗೆ ಹೊಂದುವ ಫೇಜ್ ಹಾಲೊಡಕಿನ ಜೊತೆಯಲ್ಲೇ ಸಲದಿಂದ ಸಲಕ್ಕೆ ಸಾಗಿ ಹೆಚ್ಚಿರಬೇಕು. ನ್ಯೂಜಿಲೆಂಡಿನಲ್ಲಿ ಒಂದೇ ತಳಿಯ ಹೆಪ್ಪನ್ನು ನೆಚ್ಚಿದ ಚೀಸ್ ತಯಾರಕರಿಗೂ ಇದೇ ಗತಿಯಾಗಿ, 1935ರಲ್ಲಿ ವಿಜ್ಞಾನಿಗಳಾದ ವೈಟ್‌ಹೆಡ್ ಮತ್ತು ಕಾಕ್ಸ್ ಅದಕ್ಕೆ ಫೇಜ್ ಕಾರಣವೆಂದು ಗುರುತಿಸಿದರು.

ಮನೆಯ ಮೊಸರಿನಲ್ಲಿ ತಳಿಗಳ ಸಂತೆಯೇ ಇರುತ್ತದೆ. ಒಂದು ಸತ್ತರೆ ಇನ್ನೊಂದು ಅದರ ಜಾಗಕ್ಕೆ ಬರುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಹಾಲಿನ ಕೇಸೀನ್ ಪ್ರೋಟೀನನ್ನು ಕತ್ತರಿಸುವ ಕಿಣ್ವದ ವಂಶವಾಹಿ ಲ್ಯಾಕ್ಟೊಕಾಕಸ್‌ನಲ್ಲಿ ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ತುಣುಕಿನ ಮೇಲಿರುತ್ತದೆ. ಮರಿಯಿಂದ ಮರಿಗೆ ಅದನ್ನು ಕಳೆದುಕೊಂಡ ಜೀವಕೋಶಗಳು ಪಕ್ಕದವು ಕತ್ತರಿಸಿಟ್ಟ ತುಣುಕುಗಳನ್ನೇ ತಿಂದು ಬೆಳೆಯುತ್ತವೆ (ಕೂಡುಕುಟುಂಬದ ಸೋಮಾರಿಗಳು ಎನ್ನಿ). ಇಂಥವು ಹೆಚ್ಚಿದಷ್ಟೂ ಹೆಪ್ಪು ನಿಧಾನವಾಗುತ್ತದೆ. ಮಾಗುವಾಗ ಚೀಸ್‌ಗೆ ರುಚಿ ಬರುವುದರಲ್ಲೂ ಈ ಕಿಣ್ವದ ಪಾಲಿರುವುದರಿಂದ ರುಚಿಯೂ ಸೊರಗುತ್ತದೆ.

ಆದ್ದರಿಂದ ಪ್ರತಿ ಸಲವೂ ಹೊಸ ಹೆಪ್ಪು ಬಳಸಿ. ತಳಿಗಳು ಬೇರೆಬೇರೆಯಾಗಿರುವ ಎರಡು ಬಗೆಯ ಪೊಟ್ಟಣಗಳನ್ನು ಇಟ್ಟುಕೊಂಡು ಸರದಿಯಂತೆ ಹಾಕಿದರೆ ಇನ್ನೂ ಒಳ್ಳೆಯದು. ಹಾಲೊಡಕನ್ನು ಚೀಸ್ ಮಾಡುವ ಕೋಣೆಯಲ್ಲಿ ಚೆಲ್ಲಬೇಡಿ, ಪಾತ್ರೆಗಳನ್ನು ತೊಳೆದ ಮೇಲೆ ಕ್ಲೋರಿನ್ ನೀರಿನಲ್ಲಿ ಅದ್ದಿ.

ಮೊಸರಿನ ಹೆಪ್ಪಿನಿಂದ ಕೂಡಲೇ ತಿನ್ನುವ ಮೆತ್ತನೆಯ ಚೀಸ್ ಮಾಡಲು ಅಡ್ಡಿಯಿಲ್ಲ. ತಿಂಗಳುಗಟ್ಟಲೆ ಮಾಗಿಸುವುದಕ್ಕೆ ಮಾತ್ರ ಬೇಡ: ನಮ್ಮ ಬಿಸಿಲಿಗೆ ಅದರ ಹುಳಿ ಹಿಡಿತಕ್ಕೆ ಸಿಗುವುದಿಲ್ಲ, ಹುಳಿ ಮಿತಿಮೀರಿದರೆ ಕ್ಯಾಲ್ಸಿಯಂ ಹಾಲೊಡಕಿಗೆ ಹರಿದುಹೋಗಿ ಗಡ್ಡೆ ಪುಡಿಪುಡಿಯಾಗುತ್ತದೆ, ಯೀಸ್ಟ್ ಸೇರಿದ್ದರೆ ಚೀಸ್ ಒಳಗೇ ಉಬ್ಬಿ ಬಿರಿಯುತ್ತದೆ.